ಬೀಗದ ಕೈ ಯಾರ ಬಳಿ?

ಯಾವ ಹೈಸ್ಕೂಲಿಗೆ ಹೋದರೂ ಬೀಗದ ಕೈಗಳ ಒಂದು ಗೊಂಚಲು ಕಾಣಸಿಗುತ್ತದೆ. ಆದರೆ ಎಲ್ಲ ಕೈಗಳೂ ಒಬ್ಬರ ಬಳಿಯೇ ಇರುವುದಿಲ್ಲ. ಗೇಟು ಮತ್ತು ತರಗತಿ ಕೋಣೆಗಳ ಕೈ ಜವಾನನ ಬಳಿ, ಅಕ್ಕಿ ಬೇಳೆ ಇಡುವ ಕೋಣೆಯ ಕೈ ಅಡುಗೆಯವರ ಬಳಿ, ಆಸಿಡ್ ಕಪಾಟಿನ ಕೈ ವಿಜ್ಞಾನದ ಮಾಸ್ತರರ ಬಳಿ, ಪ್ರಶ್ನೆಪತ್ರಿಕೆಯ ಬೀರುವಿನ ಕೈ ಮುಖ್ಯೋಪಾಧ್ಯಾಯರ ಬಳಿ. ಜವಾನನಿಗೆ ಆಸಿಡ್ ಕಪಾಟಿನ ಕೈ ಕೊಡದಿರುವುದಕ್ಕೆ ಅವನ ಮೇಲಿನ ಸಂಶಯ ಕಾರಣವಲ್ಲ. ಅವನ ಕೆಲಸಕ್ಕೆ ಅದು ಬೇಕಾಗಿಲ್ಲ, ಅಷ್ಟೆ. ಮಾಸ್ತರರು ವರ್ಗವಾಗಿ ಹೋಗುವಾಗ ಆ ಕೈಯನ್ನು ಮುಂದೆ ಬರುವವರಿಗೆ ಒಪ್ಪಿಸಿ, ಪುಸ್ತಕದಲ್ಲಿ ರುಜು ಹಾಕಿ ಹೋಗುತ್ತಾರೆ. ಕೈ ಸೇರಿರುವುದು ಹುದ್ದೆಗೆ.

ಇಷ್ಟು ತಿಳಿದವರಿಗೆ ಇಂದಿನ ಕಂಪ್ಯೂಟರ್ ಲೋಕದ ಒಂದು ಕಠಿಣ ವಿಷಯದ ಅರ್ಧಭಾಗ ತಿಳಿದಂತೆಯೇ. ಬಿ.ಇ., ಬಿ.ಸಿ.ಎ. ಓದುವ ಮಕ್ಕಳು ಇಂದಲ್ಲ ನಾಳೆ 'ಕಂಟೈನರ್ ಕ್ಲಸ್ಟರ್' ಎಂಬ ವ್ಯವಸ್ಥೆಯೊಳಗೆ ಕಾಲಿಡುತ್ತಾರೆ. ಅಲ್ಲಿ ಯಾರಿಗೆ ಯಾವ ಅಧಿಕಾರ ಎಂಬ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ಅದಕ್ಕೆ ಮೊದಲು, ನಮ್ಮ ರಾಜ್ಯದ ರೈತರೆಲ್ಲರೂ ಬಲ್ಲ ಒಂದು ಉದಾಹರಣೆ ನೋಡೋಣ.

ಒಂದು ಕಾಲದಲ್ಲಿ ಕರ್ನಾಟಕದ ಪಹಣಿ ಪುಸ್ತಕಗಳು ಸುಮಾರು 9,000 ಗ್ರಾಮಕರಣಿಕರ ವಶದಲ್ಲಿದ್ದವು. ಬರೆಯುವವರೂ ಅವರೇ, ಪ್ರತಿ ಕೊಡುವವರೂ ಅವರೇ. ಪ್ರಾಮಾಣಿಕರಿಗೆ ಅದೊಂದು ಹೊರೆ, ಅಪ್ರಾಮಾಣಿಕರಿಗೆ ಅದೊಂದು ಗಣಿ. 'ಭೂಮಿ' ಯೋಜನೆ ಬಂದಾಗ ಈ ಸ್ಥಿತಿ ಬದಲಾಯಿತು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲ ಪ್ರಯೋಗ ನಡೆದು, 2000ದ ಆಸುಪಾಸಿನಲ್ಲಿ ಅದು ರಾಜ್ಯದ 177 ತಾಲೂಕುಗಳಿಗೂ ಹಬ್ಬಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ಕನ್ಯಾನದವರು ಬಿ.ಸಿ.ರೋಡಿನ ತಾಲೂಕು ಕಚೇರಿಯಿಂದ ಅಚ್ಚಾದ ಆರ್.ಟಿ.ಸಿ. ತರಲಾರಂಭಿಸಿದ್ದು ಹೀಗೆ. ಆಗ ಅದರ ಶುಲ್ಕ 15 ರೂಪಾಯಿ.

ಜನ ನೋಡಿದ್ದು ಅಚ್ಚಾದ ಕಾಗದವನ್ನು. ನಿಜವಾದ ಬದಲಾವಣೆ ಇದ್ದದ್ದು ಒಳಗೆ. ಖಾತೆ ಬದಲಾವಣೆಯ ಕೆಲಸವನ್ನು ಹಲವು ಕೈಗಳಿಗೆ ಹಂಚಲಾಯಿತು. ವಿವರ ತುಂಬುವವರು ಒಬ್ಬರು, ಪರಿಶೀಲಿಸಿ ಒಪ್ಪುವವರು ಇನ್ನೊಬ್ಬರು. ಗುಪ್ತಪದವನ್ನು ಮತ್ತೊಬ್ಬರಿಗೆ ಹೇಳಿಬಿಡಬಹುದೆಂದು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಯಂತ್ರದೊಳಗೆ ಪ್ರವೇಶಿಸಬೇಕೆಂಬ ಏರ್ಪಾಡು ಬಂತು. ಯಾರು ಯಾವಾಗ ಏನು ಮಾಡಿದರೆಂಬುದು ಯಂತ್ರದಲ್ಲೇ ದಾಖಲಾಗತೊಡಗಿತು. ಇದರಿಂದ ಮೋಸ ಪೂರ್ತಿ ಅಳಿಯಿತೆಂದು ಯಾರೂ ಹೇಳಲಾರರು. ಆದರೆ 'ಯಾರು ಮಾಡಿದ್ದೋ ಗೊತ್ತಿಲ್ಲ' ಎಂದು ಕೈತೊಳೆದುಕೊಳ್ಳುವುದು ಕಷ್ಟವಾಯಿತು.

ಇನ್ನು ಕಂಟೈನರ್ ಕ್ಲಸ್ಟರಿಗೆ ಬರೋಣ. ಬಿ.ಸಿ.ರೋಡಿನಲ್ಲಿ ಬಸ್ಸು ಕಾಯುವಾಗ ಪಣಂಬೂರು ಬಂದರಿನ ಕಡೆ ಸಾಗುವ ಉದ್ದನೆಯ ಲಾರಿಗಳನ್ನು ನೋಡಿರುತ್ತೀರಿ. ಅವುಗಳ ಮೇಲಿನ ಕಬ್ಬಿಣದ ಪೆಟ್ಟಿಗೆಯೇ ಕಂಟೈನರ್. 1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್‌ಲೀನ್ ಎಂಬ ಉದ್ಯಮಿ 58 ಪೆಟ್ಟಿಗೆಗಳನ್ನು ಒಂದು ಹಡಗಿನಲ್ಲಿ ಕಳಿಸಿದಾಗ ಈ ಪದ್ಧತಿಗೆ ಚಾಲನೆ ಸಿಕ್ಕಿತು. ಒಳಗೆ ಗೋಡಂಬಿಯೇ ಇರಲಿ, ಯಂತ್ರವೇ ಇರಲಿ, ಪೆಟ್ಟಿಗೆಯ ಅಳತೆ ಒಂದೇ ಆದ್ದರಿಂದ ಯಾವ ಕ್ರೇನಾದರೂ ಎತ್ತಬಲ್ಲದು. ಸಾಫ್ಟ್‌ವೇರಿನಲ್ಲೂ ಹಾಗೆಯೇ. ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಎಲ್ಲ ಸಾಮಗ್ರಿಯೊಡನೆ ಕಟ್ಟಿಟ್ಟರೆ ಅದು ಕಂಟೈನರ್. ಅವುಗಳನ್ನು ನಡೆಸಲು ಜೋಡಿಸಿದ ಅನೇಕ ಕಂಪ್ಯೂಟರುಗಳ ಗುಂಪೇ ಕ್ಲಸ್ಟರ್.

ಗುಂಪಿಗೆ ಮೇಲ್ವಿಚಾರಕ ಬೇಡವೇ? ಆ ಕೆಲಸ ಮಾಡುವ ತಂತ್ರಾಂಶದ ಹೆಸರು 'ಕುಬರ್ನೆಟಿಸ್'. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಹಡಗಿನ ಚುಕ್ಕಾಣಿ ಹಿಡಿಯುವವನು. ಗೂಗಲ್ ಸಂಸ್ಥೆ 2014ರಲ್ಲಿ ಅದನ್ನು ಎಲ್ಲರ ಉಪಯೋಗಕ್ಕೆ ಬಿಟ್ಟುಕೊಟ್ಟಿತು. ರೆಡ್ ಹ್ಯಾಟ್ ಕಂಪೆನಿಯ 'ಓಪನ್‌ಶಿಫ್ಟ್' 2015ರಿಂದ ಇದರ ಮೇಲೆಯೇ ನಿಂತಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ತೋರಿಸುವ ಒಂದು ತಾಣವನ್ನು ಊಹಿಸಿಕೊಳ್ಳಿ. ಫಲಿತಾಂಶದ ದಿನ ಲಕ್ಷಾಂತರ ಮಂದಿ ಮುಗಿಬಿದ್ದರೆ ಕುಬರ್ನೆಟಿಸ್ ಹೆಚ್ಚು ಕಂಟೈನರುಗಳನ್ನು ಎಬ್ಬಿಸಿ ನಿಲ್ಲಿಸಬಲ್ಲದು, ನೂಕುನುಗ್ಗಲು ಇಳಿದ ಮೇಲೆ ಕಡಿಮೆ ಮಾಡಬಲ್ಲದು.

ಇಂಥ ಕ್ಲಸ್ಟರಿನಲ್ಲಿ ಹತ್ತಾರು ತಂಡಗಳು ಒಟ್ಟಿಗೆ ದುಡಿಯುತ್ತವೆ. ಇತ್ತೀಚೆಗೆ ನಮ್ಮೂರಿನ ಒಬ್ಬ ತಾಯಿ ನನ್ನಲ್ಲಿ ಕೇಳಿದರು: "ಮಾಷ್ಟ್ರೇ, ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಆದರೆ ಅವಳಿಗೆ ಬರೀ ನೋಡ್ಲಿಕ್ಕೆ ಮಾತ್ರ ಬಿಟ್ಟಿದ್ದಾರಂತೆ, ಏನನ್ನೂ ಮುಟ್ಲಿಕ್ಕಿಲ್ಲವಂತೆ. ಹಳ್ಳಿಯವಳು ಅಂತ ನಂಬಿಕೆ ಇಲ್ಲವಾ?" ಪ್ರಶ್ನೆ ಸಣ್ಣದಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ದೊಡ್ಡ ಊರಿಗೆ ಹೋದ ಅನೇಕ ಮಕ್ಕಳ ಮನಸ್ಸಿನಲ್ಲಿ ಈ ಅಳುಕು ಇರುತ್ತದೆ. ಉತ್ತರಕ್ಕಾಗಿ ಅಲ್ಲಿನ ಅನುಮತಿಗಳ ಲೆಕ್ಕಾಚಾರ ತಿಳಿಯಬೇಕು.

ಅದು ನಮ್ಮ ಕನ್ನಡ ವ್ಯಾಕರಣದ ಪಾಠದಂತೆಯೇ ಉಂಟು. ಕರ್ತೃ, ಕರ್ಮ, ಕ್ರಿಯಾಪದ ಮೂರೂ ಸೇರಿದರೆ ವಾಕ್ಯ. ಕುಬರ್ನೆಟಿಸ್‌ನಲ್ಲಿ ಕರ್ತೃ ಎಂದರೆ ಒಬ್ಬ ಬಳಕೆದಾರ, ಒಂದು ಗುಂಪು, ಅಥವಾ ಒಂದು ಪ್ರೋಗ್ರಾಮ್. ಕರ್ಮ ಎಂದರೆ ಅಲ್ಲಿರುವ ವಸ್ತುಗಳು. ಕಂಟೈನರುಗಳನ್ನು ಹೊತ್ತ 'ಪಾಡ್', ಗುಪ್ತಪದಗಳನ್ನಿಡುವ 'ಸೀಕ್ರೆಟ್' ಮುಂತಾದವು. ನೋಡು, ಪಟ್ಟಿಮಾಡು, ಸೃಷ್ಟಿಸು, ತಿದ್ದು, ಅಳಿಸು ಇವು ಕ್ರಿಯಾಪದಗಳು. ಯಾವ ವಸ್ತುವಿನ ಮೇಲೆ ಯಾವ ಕ್ರಿಯೆ ಎಂದು ಬರೆದಿಟ್ಟ ಪಟ್ಟಿಗೆ 'ರೋಲ್' ಎಂದು ಹೆಸರು, ಅಂದರೆ ಪಾತ್ರ. ಪಾತ್ರವನ್ನು ಕರ್ತೃವಿಗೆ ಜೋಡಿಸುವ ಚೀಟಿ 'ರೋಲ್ ಬೈಂಡಿಂಗ್'. ಯಕ್ಷಗಾನ ನೋಡುವ ನಮಗೆ ಇದು ಹೊಸತಲ್ಲ. ಇಂದು ದೇವೇಂದ್ರನಾದವರು ನಾಳೆ ದೂತನಾಗಬಹುದು. ಕಿರೀಟ ವೇಷಕ್ಕೆ ಸೇರಿದ್ದು, ಯಾರಿಗೆ ಯಾವ ವೇಷವೆಂಬುದು ಆ ರಾತ್ರಿಯ ತೀರ್ಮಾನ.

ಕ್ಲಸ್ಟರನ್ನು 'ನೇಮ್‌ಸ್ಪೇಸ್' ಎಂಬ ಕೋಣೆಗಳಾಗಿ ವಿಭಾಗಿಸುತ್ತಾರೆ. ಓಪನ್‌ಶಿಫ್ಟ್‌ನವರು ಇದನ್ನು 'ಪ್ರಾಜೆಕ್ಟ್' ಎನ್ನುತ್ತಾರೆ. ರೋಲಿನ ಅಧಿಕಾರ ಒಂದು ಕೋಣೆಗೆ ಸೀಮಿತ. ಇಡೀ ಕ್ಲಸ್ಟರಿಗೆ ಅನ್ವಯಿಸುವಂತೆ ಕೊಡಬೇಕಾದರೆ 'ಕ್ಲಸ್ಟರ್ ರೋಲ್' ಮತ್ತು ಅದಕ್ಕೆ ತಕ್ಕ ಬೈಂಡಿಂಗ್ ಬೇಕು. ಸಿದ್ಧವಾಗಿಯೇ ಬರುವ ನಾಲ್ಕು ಪಾತ್ರಗಳಿವೆ. 'ವ್ಯೂ' ಇರುವವರು ನೋಡಬಹುದು, ಆದರೆ ಸೀಕ್ರೆಟ್ ಕಾಣದು. 'ಎಡಿಟ್' ಇರುವವರು ತಿದ್ದಬಹುದು, ಸೀಕ್ರೆಟ್ ಓದಲೂಬಹುದು, ಆದರೆ ಇತರರ ಅಧಿಕಾರವನ್ನು ಬದಲಿಸಲಾರರು. ಕೋಣೆಯ 'ಅಡ್ಮಿನ್' ಆ ಕೋಣೆಯೊಳಗೆ ಅಧಿಕಾರ ಹಂಚಬಲ್ಲರು. 'ಕ್ಲಸ್ಟರ್ ಅಡ್ಮಿನ್' ಎಂಬ ಪಾತ್ರವನ್ನು ಇಡೀ ಕ್ಲಸ್ಟರಿಗೆ ಜೋಡಿಸಿದರೆ ಅಲ್ಲಿ ಮಾಡಲಾಗದ್ದು ಏನೂ ಇಲ್ಲ.

ಎರಡು ನಿಯಮಗಳನ್ನು ಮರೆಯಬಾರದು. ಒಂದು, ಇಲ್ಲಿ 'ಕೊಡುವುದು' ಮಾತ್ರ ಉಂಟು, 'ನಿಷೇಧಿಸುವುದು' ಎಂಬ ನಿಯಮವಿಲ್ಲ. ಕೊಡದಿದ್ದುದೆಲ್ಲ ಇಲ್ಲವೆಂದೇ ಅರ್ಥ. ಆದ್ದರಿಂದ ಒಮ್ಮೆ ಧಾರಾಳವಾಗಿ ಕೊಟ್ಟ ಪಾತ್ರವನ್ನು ಇನ್ನೊಂದು ಪಾತ್ರದಿಂದ ಕಡಿತಗೊಳಿಸಲಾಗದು, ಮೊದಲನೆಯದನ್ನೇ ಹಿಂತೆಗೆಯಬೇಕು. ಎರಡು, ವಿಶೇಷ ಅನುಮತಿ ಇಲ್ಲದಿದ್ದರೆ, ತನ್ನಲ್ಲಿಲ್ಲದ ಅಧಿಕಾರವನ್ನು ಒಬ್ಬ ಇನ್ನೊಬ್ಬನಿಗೆ ಕೊಡಲಾರ.

ಇದರ ಹಿಂದಿನ ತತ್ತ್ವ ಹಳೆಯದು. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಎಂಬ ಸೂತ್ರವನ್ನು 1975ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ವಿಜ್ಞಾನಿಗಳು ವಿವರಿಸಿದರು. ವ್ಯಕ್ತಿಗೆ ಬದಲು ಪಾತ್ರಕ್ಕೆ ಅಧಿಕಾರ ಕೊಡುವ ಕ್ರಮವನ್ನು 1992ರಲ್ಲಿ ಫೆರಯೊಲೊ ಮತ್ತು ಕುಹ್ನ್ ಶಾಸ್ತ್ರೀಯವಾಗಿ ಮಂಡಿಸಿದರು. ಕುಬರ್ನೆಟಿಸ್‌ನಲ್ಲಿ ಅದು 2017ರಲ್ಲಿ ಭದ್ರವಾಗಿ ನೆಲೆಯೂರಿತು.

ಬೀಗ ಹಾಕದಿದ್ದರೆ ಏನಾಗುತ್ತದೆ? 2018ರ ಫೆಬ್ರವರಿಯಲ್ಲಿ ರೆಡ್‌ಲಾಕ್ ಎಂಬ ಸುರಕ್ಷತಾ ಸಂಸ್ಥೆ ಒಂದು ಪ್ರಕರಣ ಬಯಲಿಗೆ ತಂದಿತು. ವಿದ್ಯುತ್ ಕಾರು ತಯಾರಿಸುವ ಟೆಸ್ಲಾ ಕಂಪೆನಿಯ ಕುಬರ್ನೆಟಿಸ್ ನಿಯಂತ್ರಣ ಪುಟಕ್ಕೆ ಗುಪ್ತಪದವೇ ಇರಲಿಲ್ಲ. ಒಳನುಗ್ಗಿದವರು ಕಂಪೆನಿಯ ಯಂತ್ರಗಳಲ್ಲಿ ತಮ್ಮ ಲಾಭಕ್ಕಾಗಿ ಕ್ರಿಪ್ಟೋ ಹಣ ಗಣಿಗಾರಿಕೆ ನಡೆಸುತ್ತಿದ್ದರು. ಅಷ್ಟೇ ಅಲ್ಲದೆ, ಅಲ್ಲಿನ ಒಂದು ಪಾಡ್‌ನೊಳಗೆ ಕಂಪೆನಿಯ ಇನ್ನೊಂದು ಉಗ್ರಾಣದ ಕೀಲಿಯೂ ಇತ್ತು. ಒಂದು ಬಾಗಿಲು ತೆರೆದಿದ್ದರೆ ಎರಡನೆಯದಕ್ಕೂ ದಾರಿ ಸಿಗುತ್ತದೆ.

ಹೊರಗಿನ ಕಳ್ಳನಿಗಿಂತ ಹೆಚ್ಚು ಯೋಚಿಸಬೇಕಾದದ್ದು ಒಳಗಿನವರ ನೆಮ್ಮದಿಯ ಬಗ್ಗೆ. ಒಂದು ಕಚೇರಿಯಲ್ಲಿ ಹತ್ತು ಮಂದಿ ಒಂದೇ 'ಅಡ್ಮಿನ್' ಹೆಸರು, ಒಂದೇ ಗುಪ್ತಪದ ಬಳಸುತ್ತಿದ್ದಾರೆಂದು ಇಟ್ಟುಕೊಳ್ಳಿ. ಒಂದು ರಾತ್ರಿ ಫಲಿತಾಂಶದ ಕೋಣೆ ಪೂರ್ತಿ ಅಳಿಸಿಹೋಗುತ್ತದೆ. ದಾಖಲೆಯಲ್ಲಿ ಇರುವುದು 'ಅಡ್ಮಿನ್ ಅಳಿಸಿದರು' ಎಂದು ಮಾತ್ರ. ಯಾರು? ಹತ್ತು ಮಂದಿಯೂ ಆಗಿರಬಹುದು. ಇಂಥ ಹೊತ್ತಿನಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ನಿನ್ನೆ ಮೊನ್ನೆ ಸೇರಿದ ಹುಡುಗನ ಅಥವಾ ಹುಡುಗಿಯ ಮೇಲೆ. ತನ್ನದೇ ಹೆಸರಿನಲ್ಲಿ 'ವ್ಯೂ' ಮಾತ್ರ ಇದ್ದವಳಿಗೆ ಆ ಭಯವಿಲ್ಲ. ಅವಳಿಂದ ಅಳಿಸಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಯಂತ್ರವೇ ಸಾಕ್ಷಿ ಹೇಳುತ್ತದೆ.

ಆದ್ದರಿಂದ ಆ ತಾಯಿಗೆ ನಾನು ಹೇಳಿದ್ದು ಇಷ್ಟೆ: "ಅದು ಅಪನಂಬಿಕೆ ಅಲ್ಲ ಅಮ್ಮಾ, ಮಗಳಿಗೆ ರಕ್ಷಣೆ. ಕೆಲಸ ಕಲಿತ ಹಾಗೆ ಅಧಿಕಾರವೂ ಬರುತ್ತದೆ. ಎಲ್ಲರೂ ಒಂದೇ ಗುಪ್ತಪದ ಬಳಸುವ ಜಾಗವಾಗಿದ್ದರೆ ನೀವು ಹೆದರಬೇಕಿತ್ತು." ಹೊಸದಾಗಿ ಕೆಲಸಕ್ಕೆ ಸೇರುವವರು ಮೊದಲ ವಾರದಲ್ಲೇ ಕೇಳಿ ತಿಳಿಯಬೇಕಾದ ಮಾತೂ ಇದೇ: ನನ್ನ ಹೆಸರಿನ ಖಾತೆ ಬೇರೆಯೇ ಉಂಟೋ? ನನಗೆ ಯಾವ ಪಾತ್ರ? ತಂಡ ಬಿಡುವಾಗ ಅದನ್ನು ಯಾರು ಹಿಂತೆಗೆಯುತ್ತಾರೆ?

ವಿದ್ಯಾರ್ಥಿ ಮಿತ್ರರು ಇದನ್ನು ಮನೆಯಲ್ಲೇ ಪ್ರಯೋಗ ಮಾಡಬಹುದು. 'ಮಿನಿಕ್ಯೂಬ್' ಎಂಬ ಉಚಿತ ತಂತ್ರಾಂಶವನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಪುಟ್ಟದೊಂದು ಕ್ಲಸ್ಟರ್ ಸಿದ್ಧ. 20 ಜಿ.ಬಿ. ಖಾಲಿ ಜಾಗ, 2 ಜಿ.ಬಿ. ಬಿಡುವಿರುವ ಮೆಮೊರಿ ಬೇಕು. ಅದರಲ್ಲಿ ಒಂದು ನೇಮ್‌ಸ್ಪೇಸ್ ಮಾಡಿ, ಒಬ್ಬ ಕಾಲ್ಪನಿಕ ಬಳಕೆದಾರನಿಗೆ ಅಲ್ಲಿ 'ವ್ಯೂ' ಪಾತ್ರವನ್ನು ಜೋಡಿಸಿ. ಅನಂತರ 'ಕ್ಯೂಬ್‌ಸಿಟಿಎಲ್ ಆತ್ ಕ್ಯಾನ್-ಐ' ಎಂಬ ಆದೇಶದಿಂದ ಅವನ ಪರವಾಗಿ ಪ್ರಶ್ನೆ ಕೇಳಿ. ಪಾಡ್ ನೋಡಬಹುದೇ? ಅಳಿಸಬಹುದೇ? ಸೀಕ್ರೆಟ್ ಓದಬಹುದೇ? ಪಕ್ಕದ ಕೋಣೆಯ ಪಾಡ್ ನೋಡಬಹುದೇ? ಯಂತ್ರ ಹೌದು ಅಥವಾ ಇಲ್ಲ ಎನ್ನುತ್ತದೆ. ಪ್ರತಿ ಪ್ರಶ್ನೆಗೂ ನಿಮ್ಮ ಉತ್ತರವನ್ನು ಮೊದಲು ಕಾಗದದಲ್ಲಿ ಬರೆದಿಟ್ಟು, ಆಮೇಲೆ ಯಂತ್ರದ ಉತ್ತರದೊಡನೆ ಹೋಲಿಸಿ ನೋಡಿ. ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿಂದ ಕಲಿಕೆ ಆರಂಭ.