ಸ್ವಂತ ದುಡಿಮೆಗೂ ನ್ಯಾಯ ಸಿಗಲಿ



ಬ್ರಿಟನ್‌ನಲ್ಲಿ ನೆಲೆಸಿದವರು ಪತಿ ಅಥವಾ ಪತ್ನಿಯನ್ನು ವೀಸಾದ ಮೇಲೆ ಕರೆಸಿಕೊಳ್ಳಲು ತೋರಿಸಬೇಕಾದ ವಾರ್ಷಿಕ ಆದಾಯದ ಮಿತಿ 2024ರ ಏಪ್ರಿಲ್ 11ರಂದು 18,600 ಪೌಂಡ್‌ನಿಂದ 29,000 ಪೌಂಡ್‌ಗೆ ಏರಿತು. ಇದರ ಬಿಸಿ ಹೆಚ್ಚು ತಟ್ಟಿರುವುದು ಸ್ವಂತ ದುಡಿಮೆಯವರಿಗೆ.

ಒಂದೇ ಕಡೆ ಆರು ತಿಂಗಳು ದುಡಿದ ನೌಕರನಿಗೆ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮಾಲೀಕರ ಪತ್ರ ಇದ್ದರಾಯಿತು. ಸ್ವಂತ ಟ್ಯಾಕ್ಸಿ ಓಡಿಸುವವರು ಏಪ್ರಿಲ್ 6ರಿಂದ ಮರುವರ್ಷದ ಏಪ್ರಿಲ್ 5ರವರೆಗಿನ ಪೂರ್ತಿ ತೆರಿಗೆ ವರ್ಷದ ಲೆಕ್ಕ, ಅದೇ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟ್, ದುಡಿಮೆ ಈಗಲೂ ನಡೆದಿದೆ ಎಂಬ ಪುರಾವೆ ಒದಗಿಸಬೇಕು.

ಉದಾಹರಣೆಗೆ, ಬಾಡಿಗೆಯಿಂದ 45,000 ಪೌಂಡ್ ಬಂದರೂ ಇಂಧನ, ವಿಮೆ, ರಿಪೇರಿ ಕಳೆದು 27,000 ಉಳಿದರೆ ಲೆಕ್ಕಕ್ಕೆ ಬರುವುದು ಅಷ್ಟೇ. ಹಿಂದಿನ ವರ್ಷದ ಲಾಭ 31,000 ಇದ್ದರೆ ಎರಡು ವರ್ಷಗಳ ಸರಾಸರಿ ಮಿತಿ ಮುಟ್ಟುತ್ತದೆ. ಇಲ್ಲವಾದರೆ, ಉಳಿತಾಯದ ಹಣ ಸೇರಿಸಿ ಕೊರತೆ ತುಂಬಲು ನಿಯಮ ಬಿಡದು.

ಹೀಗೆ ವೀಸಾ ಸಿಗದೆ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ವಿಡಿಯೊ ಕರೆಯಲ್ಲೇ ನೋಡುತ್ತಾ ಬೆಳೆಯುವುದು ಯಾರಿಗೂ ಒಳಿತಲ್ಲ.

ಇದಕ್ಕೆ ದಾರಿಯೂ ಇದೆ. 50,000 ಪೌಂಡ್ ಮೀರಿದ ವಹಿವಾಟಿನ ಸ್ವಂತ ಉದ್ಯೋಗಿಗಳು 2026ರ ಏಪ್ರಿಲ್‌ನಿಂದ ಮೂರು ತಿಂಗಳಿಗೊಮ್ಮೆ ತೆರಿಗೆ ಇಲಾಖೆಗೆ ಲೆಕ್ಕ ಕೊಡಬೇಕೆಂಬ ನಿಯಮವಿದೆ. ಅದೇ ಲೆಕ್ಕವನ್ನು, ಅರ್ಜಿಯ ಹಿಂದಿನ 12 ತಿಂಗಳಿಗೆ ಅನ್ವಯಿಸಿ, ವೀಸಾಕ್ಕೂ ಹೋಮ್ ಆಫೀಸ್ (ಬ್ರಿಟನ್ ಗೃಹ ಇಲಾಖೆ) ಒಪ್ಪಬೇಕು. ಸಣ್ಣ ವಹಿವಾಟಿನವರಿಗೆ ಲೆಕ್ಕಿಗರು ದೃಢೀಕರಿಸಿದ ಪಟ್ಟಿ ಸಾಕಾಗಲಿ.

– ಓದುಗ, ಲಂಡನ್