ರಕ್ತದ ಅಂಕಿ ಹೇಳುವುದೆಷ್ಟು?

ಜಠರದ ಕ್ಯಾನ್ಸರ್ ಮೊದಮೊದಲು ಅಜೀರ್ಣದ ವೇಷದಲ್ಲಿ ಬರುತ್ತದೆ. ಹೊಟ್ಟೆಯುಬ್ಬರವೆಂದು ಜೀರಿಗೆ ಕಷಾಯ ಕುಡಿಯುತ್ತ ತಿಂಗಳುಗಳನ್ನು ಕಳೆಯುವವರು ಹಲವರು. ಇಂಥ ವ್ಯಾಧಿಯನ್ನು ಒಂದಿಷ್ಟು ರಕ್ತದಿಂದಲೇ ಪತ್ತೆಮಾಡಬಹುದೆಂಬ ಮಾತು ಜನರನ್ನು ಸೆಳೆಯುವುದು ಸಹಜ. ಆರೋಗ್ಯ ತಪಾಸಣೆಯ 'ಪ್ಯಾಕೇಜು'ಗಳಲ್ಲಿ ಅರ್ಬುದಸೂಚಕಗಳ ಪರೀಕ್ಷೆಯೂ ಸೇರಿಕೊಂಡಿರುವುದಕ್ಕೆ ಈ ಆಸೆಯೇ ಕಾರಣ. ಆದರೆ ಆ ಅಂಕಿಗಳ ಕೆಲಸವೇ ಬೇರೆ.

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ವಿಜ್ಞಾನಿಗಳು 1965ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಲ್ಲಿ ಒಂದು ವಸ್ತುವನ್ನು ಗುರುತಿಸಿದರು. ಭ್ರೂಣದ ಜೀರ್ಣಾಂಗಗಳಲ್ಲಿಯೂ ಅದು ಕಂಡುಬಂದುದರಿಂದ 'ಕಾರ್ಸಿನೋ ಎಂಬ್ರಿಯಾನಿಕ್ ಆಂಟಿಜೆನ್', ಅಂದರೆ ಸಿಇಎ, ಎಂಬ ಹೆಸರು ಬಂದಿತು. ಮುಂದೆ ಸಿಎ 19-9, ಸಿಎ 72-4 ಎಂಬವು ಸೇರಿದವು. ಇವಾವುವೂ ಜಠರಕ್ಕಷ್ಟೇ ಮೀಸಲಾದವಲ್ಲ. ಧೂಮಪಾನಿಯ ರಕ್ತದಲ್ಲಿ ಸಿಇಎ ತುಸು ಏರಿರಬಹುದು. ಪಿತ್ತನಾಳ ಕಟ್ಟಿಕೊಂಡರೆ, ಕ್ಯಾನ್ಸರ್ ಇಲ್ಲದಿದ್ದರೂ, ಸಿಎ 19-9 ಏರುವುದುಂಟು. ರಕ್ತದಲ್ಲಿ ಲೂಯಿಸ್ ಎಂಬ ಗುಂಪಿನ ಅಂಶವಿಲ್ಲದ ಕೆಲವರ ದೇಹವಂತೂ ಸಿಎ 19-9ನ್ನು ತಯಾರಿಸುವುದೇ ಇಲ್ಲ. ರೋಗ ಉಲ್ಬಣಿಸಿದರೂ ಅಂಕಿ ಏಳದು. ಎಲ್ಲಕ್ಕಿಂತ ಮುಖ್ಯವಾಗಿ, ಜಠರದ ಕ್ಯಾನ್ಸರಿನ ಆರಂಭದ ಹಂತದಲ್ಲಿ ಬಹುಮಂದಿ ರೋಗಿಗಳಲ್ಲಿ ಈ ಸೂಚಕಗಳು ಸಾಮಾನ್ಯ ಮಿತಿಯೊಳಗೇ ಇರುತ್ತವೆ. ಚಿಕಿತ್ಸೆಯಿಂದ ಗುಣಪಡಿಸಲು ಸಾಧ್ಯವಿರುವ ಕಾಲವೂ ಅದೇ!

ಹಾಗೆಂದು ಇವು ನಿರುಪಯುಕ್ತವೆಂದಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಏರಿದ್ದ ಅಂಕಿಯು ಗಡ್ಡೆಯನ್ನು ತೆಗೆದ ಬಳಿಕ ಕೆಲವು ವಾರಗಳಲ್ಲಿ ಇಳಿಯಬೇಕು. ಇಳಿಯದಿದ್ದರೆ ರೋಗ ಉಳಿದಿರುವ ಶಂಕೆ. ಇಳಿದದ್ದು ಮತ್ತೆ ಪರೀಕ್ಷೆಯಿಂದ ಪರೀಕ್ಷೆಗೆ ಏರತೊಡಗಿದರೆ, ಸ್ಕ್ಯಾನಿನಲ್ಲಿ ಏನೂ ಕಾಣುವ ಮುನ್ನವೇ ರೋಗ ಮರುಕಳಿಸಿರುವ ಸುಳಿವು ಕೆಲವೊಮ್ಮೆ ದೊರೆಯುತ್ತದೆ. ಒಂದು ದಿನದ ಅಂಕಿಗಿಂತ ಏರಿಳಿತದ ಗತಿಯೇ ವೈದ್ಯರಿಗೆ ಬೇಕಾದುದು. ವರ್ಷದ ಹಾಜರಿ ಪುಸ್ತಕವನ್ನು ನೋಡದೆ ಒಂದು ದಿನದ ಗೈರುಹಾಜರಿಯಿಂದಲೇ ವಿದ್ಯಾರ್ಥಿಯನ್ನು ಅಳೆಯುವ ಉಪಾಧ್ಯಾಯರುಂಟೆ?

ರೋಗನಿರ್ಣಯಕ್ಕೆ ಮಾತ್ರ ಎಂಡೋಸ್ಕೋಪಿ ಮತ್ತು ಬಯಾಪ್ಸಿಗಳೇ ಆಧಾರ. ಜಠರದ ಕ್ಯಾನ್ಸರ್ ಅಧಿಕವಾಗಿರುವ ದಕ್ಷಿಣ ಕೊರಿಯವು ನಾಲ್ವತ್ತು ದಾಟಿದ ಪ್ರಜೆಗಳಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆಯ ಏರ್ಪಾಡು ಮಾಡಿದಾಗ ಎಂಡೋಸ್ಕೋಪಿಯನ್ನೂ ಕ್ಷ-ಕಿರಣ ಪರೀಕ್ಷೆಯನ್ನೂ ಆಯ್ದುಕೊಂಡಿತೇ ಹೊರತು ರಕ್ತದ ಸೂಚಕಗಳನ್ನಲ್ಲ.

ನಮ್ಮ ನಾಡಿನಲ್ಲಿ ಉಚಿತ ತಪಾಸಣಾ ಶಿಬಿರಗಳಿಗೆ ಉದಾರವಾಗಿ ನೆರವಾಗುವ ಮಹನೀಯರು ಇದನ್ನು ಲಕ್ಷಿಸಬೇಕು. ನೂರಾರು ಆರೋಗ್ಯವಂತರ ಸೂಚಕ ಪರೀಕ್ಷೆಗೆ ತಗಲುವ ಹಣವನ್ನು ಕಪ್ಪು ಮಲ, ನುಂಗಲು ತೊಡಕು, ರಕ್ತಹೀನತೆ, ಕಾರಣವಿಲ್ಲದೆ ಇಳಿಯುವ ತೂಕ ಇವುಗಳಿಂದ ಬಳಲುವ ಬಡವರ ಎಂಡೋಸ್ಕೋಪಿಗೆ ವಿನಿಯೋಗಿಸುವುದು ಲೇಸು. 'ರಿಪೋರ್ಟು ಸರಿಯಾಗಿದೆ' ಎಂಬ ಚೀಟಿಯನ್ನು ಹಿಡಿದು ಅವರು ನಿಶ್ಚಿಂತರಾಗಿ ಊರಿಗೆ ಮರಳುವಂತಾಗಬಾರದು.