ಎರಡನೆಯ ತರಗತಿಯನ್ನು ಕಾಣದ ಮಕ್ಕಳು

2020ರ ಮಾರ್ಚ್ ತಿಂಗಳಲ್ಲಿ ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಒಂದನೆಯ ತರಗತಿ ಓದುತ್ತಿದ್ದ ಒಂದು ಮಗುವನ್ನು ನೆನೆದುಕೊಳ್ಳಿರಿ. ಕೋವಿಡ್ ಮಹಾಮಾರಿಯ ಭಯದಿಂದ ಶಾಲೆಯ ಬಾಗಿಲು ಮುಚ್ಚಿತು. ಪ್ರಾಥಮಿಕ ಶಾಲೆಯ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಆ ಬಾಗಿಲು ಮರಳಿ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಆ ಮಗು ಮೂರನೆಯ ತರಗತಿಯ ವಿದ್ಯಾರ್ಥಿಯಾಗಿತ್ತು. ನಡುವಣ ಎರಡನೆಯ ತರಗತಿ ಕಾಗದದ ಮೇಲಷ್ಟೇ ನಡೆಯಿತು. ಆದದ್ದು ಆಗಿಹೋಯಿತು, ಈಗೇಕೆ ಆ ಮಾತು ಎಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅದು ಆಗಿಹೋಗಿಲ್ಲವೆಂಬುದೇ ನಮ್ಮ ವಾದ.

ರೋಗದ ಸ್ವರೂಪವೇ ತಿಳಿಯದಿದ್ದ ಮೊದಲ ದಿನಗಳಲ್ಲಿ ಶಾಲೆ ಮುಚ್ಚಿದ್ದು ತಪ್ಪೆಂದು ನಾವು ಹೇಳೆವು. ಆದರೆ ಮುಚ್ಚಿದ ಬಾಗಿಲುಗಳು ಯಾವ ಕ್ರಮದಲ್ಲಿ ತೆರೆದವೆಂಬುದನ್ನು ಒಮ್ಮೆ ನೋಡಬೇಕು. ಮದ್ಯದಂಗಡಿ 2020ರ ಮೇ 4ರಂದು ತೆರೆಯಿತು. ಗುಡಿಗುಂಡಾರಗಳು ಜೂನ್ 8ರಂದು ತೆರೆದವು. ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯತಿ ಚುನಾವಣೆಯೂ ಸಾಂಗವಾಗಿ ಜರುಗಿತು. ಊರ ಗುಡಿಯ ಕಟ್ಟೆಯ ಮೇಲೆ, ಬೇವಿನ ಮರದ ನೆರಳಿನಲ್ಲಿ ಶಿಕ್ಷಕರು ನಡೆಸುತ್ತಿದ್ದ ‘ವಿದ್ಯಾಗಮ’ವೊಂದೇ ಆ ವರ್ಷದ ಅಕ್ಟೋಬರ್‌ನಲ್ಲಿ ನಿಂತಿತು. ಮತದಾರನಲ್ಲದವನ ಸರದಿ ಕಡೆಗೆ ಬರುತ್ತದೆ. ಇದನ್ನು ಕಂಡೂ ಸುಮ್ಮನಿದ್ದವರಲ್ಲಿ ಈ ಲೇಖಕನೂ ಒಬ್ಬನು.

ನಮ್ಮ ಭಾಗದ ಮಕ್ಕಳಿಗಂತೂ ಪೆಟ್ಟು ಒಂದಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತು ಘಟಪ್ರಭೆ ದಡ ಮೀರಿ ಹರಿದಾಗ ಜಮಖಂಡಿ, ಮುಧೋಳ ಸೀಮೆಯ ನದೀತೀರದ ಊರವರು ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಿದ್ದರು. ಗೋಡೆಯ ತೇವ ಆರಿ ಪಾಠ ಹಳಿಗೆ ಬರುವಷ್ಟರಲ್ಲಿ ಮಹಾಮಾರಿ ಬಂದಿತು. ಬನಹಟ್ಟಿಯಲ್ಲಿ ಮಗ್ಗಗಳು ನಿಂತವು. ನೇಯ್ದ ಸೀರೆ ಗಂಟು ಕಟ್ಟಿಟ್ಟಲ್ಲೇ ಉಳಿಯಿತು. ಮಗ್ಗ ಮತ್ತೆ ತಿರುಗಿದಾಗ ಕಂಡಿಕೆ ಸುತ್ತಲು ಮನೆಯ ಸಣ್ಣ ಕೈಗಳೇ ಸಿಕ್ಕವು. ಮುಧೋಳದ ಕಡೆ ಕಬ್ಬಿನ ಕಡಿತಕ್ಕೆ ಹೋದ ತಾಯಿ-ತಂದೆಯ ಜತೆ ಮಕ್ಕಳೂ ಹೊಲ ಸೇರಿದರು. ಶಾಲೆ ತೆರೆದ ಮೇಲೂ ಎಲ್ಲ ಕೈಗಳು ಪಾಟಿಗೆ ಮರಳಿದವೆಂದು ಎದೆ ಮುಟ್ಟಿ ಹೇಳಬಲ್ಲೆವೆ?

ಅನ್ನದ ಮಾತಿಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ನಮ್ಮ ರಾಜ್ಯದಲ್ಲಿ ಆ ಸಮೀಕ್ಷೆ ನಡೆದದ್ದು 2019ರ ಉತ್ತರಾರ್ಧದಲ್ಲಿ, ಅಂದರೆ ಕೋವಿಡ್ ಕಾಲಿಡುವ ಮುನ್ನವೇ. ಇಂತಹ ಮಕ್ಕಳ ಪಾಲಿನ ಬಿಸಿಯೂಟ ಸುಮಾರು ಹತ್ತೊಂಬತ್ತು ತಿಂಗಳು ನಿಂತುಹೋಯಿತು. ಕಾಳು ಮನೆಗೆ ಬಂದಿತೆಂಬುದು ನಿಜ. ಮನೆಗೆ ಬಂದ ಅಕ್ಕಿ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಶಾಲೆಯ ತಟ್ಟೆ ಮಗುವಿನದು ಮಾತ್ರ.

ಆ ಯೋಜನೆಗೆ ಸರಕಾರವು 2002ರಲ್ಲಿ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಶರಣರ ನುಡಿಯನ್ನೇ ಎತ್ತಿಕೊಂಡಿತೆಂದು ನಾವು ಹೆಮ್ಮೆಪಟ್ಟುದುಂಟು. ಆ ದಾಸೋಹ ನಿಂತಾಗ ನಮ್ಮ ದನಿ ಎಲ್ಲಿತ್ತು? 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಹಾಗೂ ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡುವ ಪ್ರಶ್ನೆ ಬಂದ ಕೂಡಲೇ ನಾಡಿನ ಕೆಲವು ಮಠಾಧೀಶರು ಪ್ರತಿಭಟನೆಯ ಮಾತಾಡಿದರು. ಸಸ್ಯಾಹಾರ ನಮ್ಮ ಆಚಾರ. ಅದನ್ನು ಪಾಲಿಸುವವರಲ್ಲಿ ಈ ಲೇಖಕನೂ ಸೇರಿದ್ದಾನೆ. ಆದರೆ ತಟ್ಟೆ ಬರಿದಾಗಿದ್ದಾಗ ಏಳದ ದನಿ ತಟ್ಟೆಗೆ ಏನು ಬೀಳಬೇಕೆಂಬಲ್ಲಿ ಎದ್ದರೆ ಅದನ್ನು ಧರ್ಮಶ್ರದ್ಧೆಯೆಂದು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಮೊಟ್ಟೆ ಬೇಡವೆನ್ನುವವರು ಶೇಂಗಾ, ಹಾಲು, ಮೊಳಕೆ ಕಾಳು ಇಷ್ಟು ಮಠದ ಕಣಜದಿಂದ ಬರಲಿ ಎಂದು ಅದೇ ಉಸಿರಿನಲ್ಲಿ ಹೇಳಬೇಕಿತ್ತು.

ಕಲಿಕೆಯ ನಷ್ಟವನ್ನಾದರೂ ಸರಕಾರ ಗುರುತಿಸಿತು. ‘ಅಸರ್’ ಸಮೀಕ್ಷೆಯಲ್ಲಿ ಮೂರನೆಯ ತರಗತಿಯಲ್ಲಿದ್ದು ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ 19 ಇದ್ದದ್ದು 2021ರ ಹೊತ್ತಿಗೆ ಹತ್ತಕ್ಕೂ ಕೆಳಗಿಳಿಯಿತು. 2022-23ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಬಂದಿತು. ದೇಹದ ಚೇತರಿಕೆ, ಮನಸ್ಸಿನ ಚೇತರಿಕೆ ಎಂಬ ಹೆಸರಿನಲ್ಲಿ ಮಾತ್ರ ನಮ್ಮ ಊರುಗಳಲ್ಲಿ ಯಾರೂ ಡಂಗುರ ಹೊಡೆಸಲಿಲ್ಲ. 2021ರ ಜುಲೈನಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಎರಡೇ ದಿನದ ಪರೀಕ್ಷೆ ನಡೆಸಿ ಬಹುತೇಕ ಎಲ್ಲರನ್ನೂ ಉತ್ತೀರ್ಣಗೊಳಿಸಿದ್ದಾಯಿತು. ಅಲ್ಲಿಗೆ ಲೆಕ್ಕ ಚುಕ್ತಾ ಎಂದುಕೊಂಡೆವು.

ಇನ್ನು ಎಲ್ಲರ ಬಾಯಲ್ಲೂ ಇರುವ ದೂರು: ಇಂದಿನ ಹುಡುಗರು ಮೊಬೈಲ್ ಬಿಡುವುದಿಲ್ಲ, ಮೈ ಬಗ್ಗಿಸುವುದಿಲ್ಲ, ಹಿರಿಯರಿಗೆ ಎದುರು ಮಾತಾಡುತ್ತಾರೆ. ಆ ಸಾಧನವನ್ನು ಅವರ ಕೈಗಿತ್ತವರು ಯಾರು? ಪಾಠಕ್ಕೆಂದು ಕೊಟ್ಟೆವು, ಪಾಠ ಮುಗಿದ ಮೇಲೂ ಕಸಿದುಕೊಳ್ಳಲಿಲ್ಲ. “ಹುಡುಗ ಒಂದ್ ಕಡೆ ಕುಂದರ್ಲಿ ಅಂತ ಕೊಟ್ಟೇವ್ರಿ” ಎಂದು ಮುಧೋಳದ ತಂದೆಯೊಬ್ಬರು ನಮ್ಮೊಡನೆ ಸಂಕೋಚವಿಲ್ಲದೆ ಹೇಳಿದರು. ಕುಳಿತ ಹುಡುಗ ಏಳುತ್ತಿಲ್ಲವೆಂದು ಈಗ ಸ್ವಾಮಿಗಳ ಬಳಿ ತಾಯಿತ ಕೇಳಲು ಬರುತ್ತಾರೆ. ಇದು ಗರಡಿಮನೆಯ ಸೀಮೆ. ಸಂಗ್ರಾಣಿ ಕಲ್ಲೆತ್ತುವ ಜಟ್ಟಿಗಳ, ಜಮಖಂಡಿಯ ಸೈಕಲ್ ಪಟುಗಳ ಸೀಮೆ. ಇಂಥಲ್ಲಿ ಹುಡುಗರಿಗೆ ಮೈದಾನ ತೋರಿಸದೆ ಬೈಗುಳ ತೋರಿಸುವುದು ನಾಚಿಕೆಗೇಡು.

ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಸರಕಾರ ತಿಂಗಳಿಗೆ 3,500 ರೂಪಾಯಿ ಘೋಷಿಸಿತು, ಒಳ್ಳೆಯದೇ. ಆದರೆ ಮಣ್ಣಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಲೂ ಅವಕಾಶವಿಲ್ಲದೆ ತಂದೆಯನ್ನು ಕಳುಹಿಸಿಕೊಟ್ಟ ಹುಡುಗನ ಎದೆಯೊಳಗಿನದನ್ನು ಯಾರು ಕೇಳಿದರು? ಮನೋವ್ಯಾಧಿಯೆಂದರೆ ಹುಚ್ಚು, ಹುಚ್ಚೆಂದರೆ ಮನೆತನಕ್ಕೆ ಕಳಂಕ ಎಂಬ ಅಂಜಿಕೆ ಇನ್ನೂ ನಮ್ಮ ಭಕ್ತರಲ್ಲಿ ಬಲವಾಗಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಹಣ ಕೊಡಬೇಕಿಲ್ಲ, ಉತ್ತರ ಕನ್ನಡದಲ್ಲಿಯೇ ಸಿಗುತ್ತದೆ. ಅದನ್ನು ಮಠದ ಗೋಡೆಯ ಮೇಲೆ ಬರೆಸಿದರೆ ಮಠದ ಮಡಿಗೆ ಭಂಗವಾಗದು.

ಹೆಣ್ಣುಮಕ್ಕಳ ವಿಷಯವನ್ನು ಮುಚ್ಚಿಡುವುದು ಬೇಡ. ಶಾಲೆಯಿಲ್ಲದ ಆ ಕಾಲದಲ್ಲಿ, ಖರ್ಚು ಕಡಿಮೆ, ಜನ ಕಡಿಮೆ ಎಂದು ಹದಿನೆಂಟು ತುಂಬದವರ ಕೊರಳಿಗೆ ತಾಳಿ ಬಿದ್ದುದನ್ನು ನಾವೆಲ್ಲರೂ ಕೇಳಿಬಲ್ಲೆವು. ಕರ್ನಾಟಕವು 2016ರಲ್ಲಿ ಮಾಡಿದ ತಿದ್ದುಪಡಿಯಂತೆ ಬಾಲ್ಯವಿವಾಹ ಮೂಲತಃ ಅಸಿಂಧು. ಆದ್ದರಿಂದ ಜಾತ್ರೆಯ ಸಾಮೂಹಿಕ ವಿವಾಹಗಳಲ್ಲಿ ಜನನ ಪ್ರಮಾಣಪತ್ರ ನೋಡದೆ ಅಕ್ಷತೆ ಹಾಕುವ ಯಾವ ಮಠವೂ, ಅದು ನಮ್ಮದೇ ಆಗಿರಲಿ, ಪುಣ್ಯ ಕಟ್ಟಿಕೊಂಡೆನೆಂದು ತಿಳಿಯಬಾರದು.

ಹಳೆಯ ವಿದ್ಯಾರ್ಥಿಗಳಿಗೆ ಪ್ರಸಾದನಿಲಯದ ದಿನಗಳನ್ನು ನೆನಪಿಸಬೇಕಾಗಿಲ್ಲ. ನಸುಕಿನಲ್ಲಿ ದಂಡ-ಬೈಠಕ್, ತಣ್ಣೀರ ಸ್ನಾನ, ಬಳಿಕ ಜೋಳದ ರೊಟ್ಟಿ; ಜ್ವರ ಬಂದವನಿಗೆ ಬೇರೆ ಗಂಜಿ, ಮೌನವಾಗಿ ಕುಳಿತವನ ಬೆನ್ನ ಮೇಲೆ ಹಿರಿಯ ಸ್ವಾಮಿಗಳ ಕೈ. ನಮ್ಮ ತೂಕ ಅವರಿಗೆ ಕಣ್ಣಳತೆಯಲ್ಲೇ ತಿಳಿಯುತ್ತಿತ್ತು. ಈಗ ಪ್ರವೇಶದ ಪುಸ್ತಕದಲ್ಲಿ ಜಾತಿ, ಊರು, ಅಂಕಗಳಿಗೆ ಅಂಕಣಗಳಿವೆ. ಎತ್ತರ, ತೂಕ, ದೃಷ್ಟಿ, ರಕ್ತಕ್ಕೆ ಇಲ್ಲ. ಬರುವ ಜೂನ್‌ನಲ್ಲಿ ಪುಸ್ತಕ ತೆರೆಯುವ ಮುನ್ನ ಆ ನಾಲ್ಕು ಅಂಕಣಗಳನ್ನು ಗೆರೆ ಹಾಕಿಸಬೇಕೆಂದು ಆಡಳಿತ ಮಂಡಳಿಯನ್ನು ಇದೇ ಪುಟದಿಂದ ಕೇಳುತ್ತೇವೆ. ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ವೈದ್ಯವೃತ್ತಿಯಲ್ಲಿರುವ ನಮ್ಮ ನಿಲಯದ ಮಕ್ಕಳು ಅಮಾವಾಸ್ಯೆಯ ದರ್ಶನಕ್ಕೆ ಹೇಗೂ ಬರುತ್ತಾರೆ. ದರ್ಶನ ಮುಗಿದ ಮೇಲೆ ಎರಡು ತಾಸು ಪಡಸಾಲೆಯಲ್ಲಿ ಕುಳಿತುಕೊಳ್ಳಲಿ. ತಕ್ಕಡಿ, ಅಳತೆಪಟ್ಟಿಗಳನ್ನು ತರಿಸುವ ಭಾರ ನಮ್ಮದಿರಲಿ.